ಚೌತಿಗೆ ಬರಬೇಡಿ ಅನ್ನೋದು ಯಾರು?

ಶಿರಸಿ ಕಡೆಯ ಒಂದು ಹಳ್ಳಿಯ ಸೊಸೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಚೌತಿಗೆ ಇನ್ನೂ 3 ವಾರ ಇರುವಾಗ ಸಲಹೆ ಕೇಳಲು ನನ್ನ ಬಳಿ ಬಂದರು. ಕೂತವರೇ, "ಮೇಡಂ, ಈ ಸಲ ಹಬ್ಬವೇ ಬೇಡ ಅನ್ನಿಸಿದೆ" ಅಂದರು.

ಮನೆಯಲ್ಲಿ 79ರ ಅತ್ತೆ. ಶುಗರ್, ಜೊತೆಗೆ ಹಳೆಯ ದಮ್ಮು. ಹೋದ ವರ್ಷ ಚಕ್ಲಿ ಕಂಬಳದ (ಎಲ್ಲರೂ ಸೇರಿ ಹಬ್ಬಕ್ಕೆ ಚಕ್ಲಿ ಮಾಡುವ) ದಿನ ಹೊರಗೆ ಜಡಿಮಳೆ. ಕಿಟಕಿ ಬಾಗಿಲು ಹಾಕಿಕೊಂಡು ನೆಂಟರೆಲ್ಲ ಒಳಗೇ ಕೂತು ಚಕ್ಲಿ ಸುತ್ತಿದ್ದರು. ಬೆಂಗಳೂರಿನಿಂದ ಬಂದ ಅತ್ತಿಗೆಯ, ಅಂದರೆ ಗಂಡನ ಅಕ್ಕನ, ಮಗನಿಗೆ ಕೆಮ್ಮು. "ಬಸ್ಸಿನ ಎಸಿಗೆ ಹಿಡಿದಿದ್ದು" ಅಂದರಂತೆ. ಅಜ್ಜಿಗೆ ಒರಗಿಕೊಂಡೇ ಅವನು ಹಿಟ್ಟು ಹೊಸೆದ. ನಾಲ್ಕನೇ ದಿನ ಅಜ್ಜಿ ಊಟ ಬಿಟ್ಟರು, ಮಾತು ತಪ್ಪತೊಡಗಿತು. ಮೈ ಬಿಸಿ ಇಲ್ಲ, ವಯಸ್ಸಾಯ್ತಲ್ಲ ಅಂತ 2 ದಿನ ಸುಮ್ಮನಿದ್ದರು. ಆಮೇಲೆ ನ್ಯುಮೋನಿಯಾ, 11 ದಿನ ಆಸ್ಪತ್ರೆ.

(ವಯಸ್ಸಾದವರಲ್ಲಿ ಇದೇ ಮೋಸ. ಸೋಂಕಿದ್ದರೂ ಕೆಲವರಿಗೆ ಜ್ವರ ಬರುವುದಿಲ್ಲ. ಊಟ ಬಿಡುವುದು, ಗಲಿಬಿಲಿ, ಎದ್ದರೆ ಬೀಳುವುದು, ಇಷ್ಟೇ ಕಾಣಬಹುದು.)

"ಬರಬೇಡಿ ಅಂದ್ರೆ ಸೊಸೆ ತವರಿನ ಬಾಗಿಲು ಹಾಕಿದಳು ಅಂತಾರೆ. ಇವರಂತೂ ಬಾಯಿ ಬಿಡಲ್ಲ" ಅಂದರು. ಅರ್ಧ ಗಂಟೆ ಅತ್ತಿಗೆ ಮೇಲಿನ ಸಿಟ್ಟೇ. ಕೊನೆಗೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಮೆಲ್ಲಗೆ ಹೇಳಿದರು: "ಆ ಮಾಣಿನ ಅಜ್ಜಿ ಹತ್ರ ಕೂರಿಸಿದ್ದೇ ನಾನು."

ವರ್ಷವಿಡೀ ಇವರನ್ನು ಕೊರೆದಿದ್ದು ಇದು. ಕೆಮ್ಮು ಶುರುವಾಗುವ ಹಿಂದಿನ ದಿನವೇ ಫ್ಲೂ ಹರಡಬಹುದು, ಯಾರಿಂದ ಬಂತು ಅಂತ ಈಗ ಹುಡುಕಿ ಪ್ರಯೋಜನವಿಲ್ಲ ಅಂದೆ. ಸ್ವಲ್ಪ ಅತ್ತರು. ಆಮೇಲೆ ಕೇಳಿದೆ, "ಅತ್ತೆ ಏನಂತಾರೆ?" ಉತ್ತರ ಇಲ್ಲ. ಯಾರೂ ಕೇಳಿರಲೇ ಇಲ್ಲ!

ಮುಂದಿನ ಸಲ ಅತ್ತೆಯನ್ನೇ ಕರೆದುಕೊಂಡು ಬಂದರು. ಅಜ್ಜಿ ನಕ್ಕರು. "ಮಕ್ಕ ಬರ್ಲಿ, ಅಡ್ಡಿಲ್ಲೆ. ಕೆಮ್ಮು ಇದ್ದವು ದೂರ ಕುಂತ್ಕಳ್ಳಿ."

ಫೋನು ಮಾಡಬೇಕಾದ್ದು ಗಂಡ, ಅವರ ಅಕ್ಕನಿಗೆ ಅವರೇ, ಅಂದೆ. ಮಾತೂ ಹೇಳಿಕೊಟ್ಟೆ: "ಆಯಿನೇ ಹೇಳಿದ್ದು. ಯಾರಿಗಾದ್ರೂ ಶೀತ, ಜ್ವರ ಇದ್ರೆ ಒಂದು ವಾರ ಬಿಟ್ಟು ಬನ್ನಿ, ಚಕ್ಲಿ ಎತ್ತಿಡ್ತೇವೆ." ಫ್ಲೂ ಲಸಿಕೆ ಬಗ್ಗೆ ಆ ವಾರವೇ ಡಾಕ್ಟರನ್ನು ಕೇಳಲು ಹೇಳಿದೆ. ಅದರ ಪರಿಣಾಮ ಶುರುವಾಗಲು ಸುಮಾರು 2 ವಾರ ಬೇಕು, ಪ್ರತಿ ವರ್ಷ ಹಾಕಿಸಬೇಕು. ನ್ಯುಮೋನಿಯಾದ್ದು ಬೇರೆ ಲಸಿಕೆ, ಅದನ್ನೂ ಕೇಳಿ ಅಂದೆ. ಕಂಬಳ ಹೊರಗಿನ ಜಗುಲಿಯಲ್ಲಿ, ಎರಚಲು ಬಂದರೂ ಪರವಾಗಿಲ್ಲ. ಕಾಲು ಮುಟ್ಟುವ ಬದಲು ದೂರದಿಂದ ನಮಸ್ಕಾರ. ಹಬ್ಬ ಮುಗಿದ ವಾರ ಅಜ್ಜಿ ಊಟ ಬಿಟ್ಟರೆ ಕಾಯದೆ ಅವತ್ತೇ ಆಸ್ಪತ್ರೆ, ಫ್ಲೂ ಔಷಧ ಮೊದಲ 2 ದಿನದಲ್ಲಿ ಕೊಟ್ಟರೆ ಜಾಸ್ತಿ ಉಪಯೋಗ. ಕಷಾಯ ಕುಡಿಸಲಿ, ಬೇಡ ಅನ್ನಲಿಲ್ಲ. ಕಷಾಯ ನಂಬಿ ದಿನ ಕಳೆಯಬೇಡಿ ಅಂದೆ, ಅಷ್ಟೇ.

ಹಬ್ಬ ಕಳೆದ ಮೇಲೆ ಫೋನು ಬಂತು. ಅತ್ತಿಗೆಯ ಕಿರಿ ಮಗಳಿಗೆ ಜ್ವರ ಬಂದು ಅವರು ವಾರ ತಡವಾಗಿ ಬಂದರಂತೆ. ಅಜ್ಜಿ ಆರಾಮ. ಅತ್ತಿಗೆ ಮಾತ್ರ ಬಂದ ದಿನದಿಂದ ಹೊರಡುವವರೆಗೂ ತಮ್ಮನ ಜೊತೆಗಷ್ಟೇ ಮಾತಾಡಿದರಂತೆ. ಆ ವಿಷಯಕ್ಕೆ ಇನ್ನೊಂದು ದಿನ ಬರುತ್ತೇನೆ ಅಂದಿದ್ದಾರೆ.