ಹಗುರ ಏರ್ ಪಿಸ್ತೂಲು: ತೂಕಕ್ಕಿಂತ ಮೊದಲು ಗ್ರಿಪ್ ನೋಡಿ

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ತೆಳ್ಳಗಿದ್ದಾಳೆ. 10 ಮೀಟರ್ ಏರ್ ಪಿಸ್ತೂಲು ಕಲಿಯಲು ವಾರಾಂತ್ಯದಲ್ಲಿ ಬೆಂಗಳೂರಿನ ರೇಂಜ್‌ಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಪಿಸ್ತೂಲಿನಲ್ಲಿ ಮೊದಲ 20 ಶಾಟ್ ಚೆನ್ನಾಗಿ ಬೀಳುತ್ತವೆ, ಆಮೇಲೆ ಕೈ ಸೋಲುತ್ತದೆ. ಎಲ್ಲಕ್ಕಿಂತ ಹಗುರವಾದ್ದನ್ನೇ ಕೊಡಿಸೋಣ ಅಂತಿದ್ದೇನೆ. ಯಾವುದು ಒಳ್ಳೆಯದು?
– ಒಬ್ಬ ತಂದೆ, ಶಿರಾ ಗೇಟ್, ತುಮಕೂರು

ಉತ್ತರ: ಹಗುರವಾದ್ದು ಬೇಕು ಅನ್ನೋದು ಸರಿ. ಆದರೆ ‘ಎಲ್ಲಕ್ಕಿಂತ ಹಗುರ’ ಅನ್ನೋದನ್ನು ಬಿಡಿ.

ನಿಯಮದ ಪ್ರಕಾರ ಪಿಸ್ತೂಲು 1,500 ಗ್ರಾಂವರೆಗೂ ಇರಬಹುದು. ಆದರೆ ಮಾಮೂಲಿ ಮ್ಯಾಚ್ ಪಿಸ್ತೂಲುಗಳೆಲ್ಲ ಒಂದು ಕಿಲೋ ಆಸುಪಾಸಿನವು. ತುಂಬಿದ ಒಂದು ಲೀಟರ್ ನೀರಿನ ಬಾಟ್ಲಿಯನ್ನು ಒಂದೇ ಕೈಯಲ್ಲಿ, ತೋಳು ಚಾಚಿ ಹಿಡಿದು ನೋಡಿ. ಮಗಳ ಕಷ್ಟ ಆಗ ಗೊತ್ತಾಗುತ್ತದೆ. ಸ್ಟೇಯರ್, ಮೊರಿನಿ, ಪಾರ್ದಿನಿ ಮುಂತಾದ ಕಂಪನಿಗಳು ಬ್ಯಾರೆಲ್, ಗಾಳಿ ತುಂಬುವ ಸಿಲಿಂಡರ್ ಎರಡನ್ನೂ ಗಿಡ್ಡ ಮಾಡಿದ ಮಾದರಿಗಳನ್ನೂ ಮಾಡುತ್ತವೆ. ನೀವು ನೋಡಬೇಕಾದ್ದು ಅವನ್ನೇ. ಕಡಿಮೆಯಾದ ತೂಕಕ್ಕಿಂತ ಹೆಚ್ಚಿನ ಲಾಭ ಎಂದರೆ, ಇವುಗಳ ಭಾರ ಮಣಿಕಟ್ಟಿನ ಹತ್ತಿರ ಬಂದು ಕೂರುತ್ತದೆ. ಮೂತಿ ಕಡೆ ಭಾರ ಜಾಸ್ತಿಯಿದ್ದರೆ 30ನೇ ಶಾಟ್ ಹೊತ್ತಿಗೆ ಫ್ರಂಟ್ ಸೈಟ್ (ಗುರಿ ಹಿಡಿಯಲು ಮೂತಿಯ ಮೇಲಿರುವ ಮೊನೆ) ಮೆಲ್ಲಗೆ ಕೆಳಗಿಳಿಯತೊಡಗುತ್ತದೆ. ಹಾಗಂತ ತೀರಾ ಹಗುರವಾದರೂ ತೊಂದರೆಯೇ. ಕೈಯ ಸಣ್ಣ ನಡುಕವೆಲ್ಲ ಸೈಟ್‌ನಲ್ಲಿ ಕಾಣುತ್ತದೆ, ಮಕ್ಕಳು ಗಾಬರಿಯಾಗಿ ಟ್ರಿಗರ್ ಕಿತ್ತುಬಿಡುತ್ತಾರೆ. ಅದಕ್ಕೇ ಮುಂದೆ ತೂಕದ ತುಂಡು ಸೇರಿಸಲು ಬರುವ ಮಾದರಿ ತಗೊಳ್ಳಿ. ಎರಡು ವರ್ಷದಲ್ಲಿ ಮಗಳು ಬೆಳೆಯುತ್ತಾಳಲ್ವಾ? ಆಗ ತೂಕ ಸೇರಿಸಬಹುದು. ಭಾರದ ಪಿಸ್ತೂಲನ್ನು ಕೆರೆದು ಹಗುರ ಮಾಡಲು ಆಗೋಲ್ಲ.

ಇಷ್ಟಾದರೂ ನಾನು ಮೊದಲು ಕೇಳೋದು ಗ್ರಿಪ್, ಅಂದರೆ ಹಿಡಿಯ ಬಗ್ಗೆ. ರೇಂಜ್‌ನ ಪಿಸ್ತೂಲುಗಳಿಗೆ ಸಾಮಾನ್ಯವಾಗಿ ದೊಡ್ಡವರ ಅಳತೆಯ ಗ್ರಿಪ್ ಇರುತ್ತದೆ. ಚಿಕ್ಕ ಕೈ ಅದನ್ನು ಹಿಂಡಿ ಹಿಡಿಯಬೇಕು. ಕೈ ಸೋಲೋದಕ್ಕೆ ಅರ್ಧ ಕಾರಣ ಅದೇ ಇರಬಹುದು. ಒಂದು ಪರೀಕ್ಷೆ ಮಾಡಿ. ಖಾಲಿ ಪಿಸ್ತೂಲು ಹಿಡಿದು ಮಗಳು ಕಣ್ಣು ಮುಚ್ಚಲಿ, ತೋಳು ಟಾರ್ಗೆಟ್ ಕಡೆ ಎತ್ತಲಿ, ಆಮೇಲೆ ಕಣ್ಣು ಬಿಡಲಿ. ಹಿಂದಿನ ಸೈಟ್‌ನ ಕಚ್ಚಿನಲ್ಲಿ ಮುಂದಿನ ಸೈಟ್ ತಾನಾಗಿಯೇ ನಡುವೆ ನಿಂತಿದ್ದರೆ ಗ್ರಿಪ್ ಹೊಂದಿದೆ. ಪ್ರತಿ ಸಲವೂ ಒಂದೇ ಕಡೆ ವಾಲುತ್ತಿದ್ದರೆ ಹೊಂದಿಲ್ಲ. ಲೆಕ್ಕ ಹಾಕಿ: ಎರಡು ಸೈಟ್‌ಗಳ ನಡುವೆ 30 ಸೆಂ.ಮೀ. ಅಂತರವಿದ್ದರೆ, ಅಲ್ಲಿ 1 ಮಿ.ಮೀ. ತಪ್ಪಿದರೂ 10 ಮೀಟರ್ ದೂರದಲ್ಲಿ 33 ಮಿ.ಮೀ. ಆಚೆ ಬೀಳುತ್ತದೆ. ಅಂದರೆ ಟಾರ್ಗೆಟ್ ಮೇಲಿನ ಅಂಕದ ವೃತ್ತಗಳಲ್ಲಿ ಹೆಚ್ಚುಕಡಿಮೆ ನಾಲ್ಕು ರಿಂಗ್ ಹೋಯಿತು! 10ರ ರಿಂಗ್‌ನ ಅಗಲವೇ 11.5 ಮಿ.ಮೀ. ಆದ್ದರಿಂದ ಸ್ಮಾಲ್ ಅಥವಾ ಎಕ್ಸ್‌ಟ್ರಾ ಸ್ಮಾಲ್ ಗ್ರಿಪ್ ಸಿಗುವ ಪಿಸ್ತೂಲನ್ನೇ ಆರಿಸಿ. ಎಡಗೈಯವಳಾದರೆ ಆರ್ಡರ್ ಕೊಡುವಾಗಲೇ ಹೇಳಿ.

ಟ್ರಿಗರ್ ಮೆಕ್ಯಾನಿಕಲ್ ಸಾಕು. ಎಲೆಕ್ಟ್ರಾನಿಕ್ ನಯವಾಗಿರುತ್ತದೆ ನಿಜ, ಆದರೆ ಕೆಟ್ಟರೆ ತುಮಕೂರಿನಲ್ಲಿ ಯಾರ ಹತ್ತಿರ ಹೋಗುತ್ತೀರಿ? ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲೇ ಅರ್ಹತಾ ಸುತ್ತಿನ ನಡುವೆ ಕೈಕೊಟ್ಟಿತ್ತು. ಯಾವುದೇ ಟ್ರಿಗರ್ ಆದರೂ ಎಳೆತ 500 ಗ್ರಾಂಗಿಂತ ಕಡಿಮೆ ಇರಬಾರದು. ಮ್ಯಾಚ್‌ಗೆ ಮುಂಚೆ ತೂಕ ಕಟ್ಟಿ ನೋಡುತ್ತಾರೆ.

ಗಿಡ್ಡ ಸಿಲಿಂಡರ್‌ಗೆ ಗಾಳಿ ಹಿಡಿಸೋದು ಕಡಿಮೆ. ಮ್ಯಾಚ್‌ನಲ್ಲಿ 60 ಶಾಟ್, ಅದಕ್ಕೆ ಮುಂಚೆ 15 ನಿಮಿಷ ಪ್ರಾಕ್ಟೀಸ್ ಶಾಟ್. ಒಂದು ಸಲ ತುಂಬಿಸಿದರೆ 90 ಶಾಟ್‌ಗಾದರೂ ಬರುತ್ತದಾ ಕೇಳಿ. ಎರಡನೇ ಸಿಲಿಂಡರ್ ಇದ್ದರೆ ನೆಮ್ಮದಿ. ಮನೆಯಲ್ಲಿ ಕೈಪಂಪಿನಿಂದ 200 ಬಾರ್ ಒತ್ತಡದವರೆಗೆ ಗಾಳಿ ತುಂಬಿಸೋದು ಅಪ್ಪನ ಪಾಲಿನ ವ್ಯಾಯಾಮ, ಅದಕ್ಕೂ ರೆಡಿಯಾಗಿರಿ.

4.5 ಮಿ.ಮೀ. ಮ್ಯಾಚ್ ಏರ್ ಪಿಸ್ತೂಲಿನ ಶಕ್ತಿ 20 ಜೌಲ್‌ಗಿಂತ ಎಷ್ಟೋ ಕಡಿಮೆ, ಹಾಗಾಗಿ ಲೈಸೆನ್ಸ್ ಬೇಡ. ಖರೀದಿಯ ಬಿಲ್ ನಿಮ್ಮ ಹೆಸರಲ್ಲಿ ಇರಲಿ, ಪ್ರಯಾಣದಲ್ಲಿ ಜೊತೆಗಿಟ್ಟುಕೊಳ್ಳಿ. ಹೊಸದು ಲಕ್ಷ ದಾಟುವುದರಿಂದ ಸೆಕೆಂಡ್ ಹ್ಯಾಂಡ್ ನೋಡುವುದರಲ್ಲಿ ತಪ್ಪಿಲ್ಲ. ಸಿಲಿಂಡರ್ ಮೇಲೆ ಕೆತ್ತಿದ ತಾರೀಖು ಮಾತ್ರ ಓದಿ. ಅದರ ಆಯುಸ್ಸು 10 ವರ್ಷ. ಮುಗಿಯುತ್ತ ಬಂದಿದ್ದರೆ ಹೊಸ ಸಿಲಿಂಡರ್‌ನ ಬೆಲೆ ಕಳೆದು ಚೌಕಾಸಿ ಮಾಡಿ.