ಪೈಪಿಗೂ ರಾಜಕೀಯಕ್ಕೂ ಏನು ಸಂಬಂಧ?

ಪ್ರಿಯ ಓದುಗರೇ,

ತೈಲ ಪೈಪ್‌ಲೈನ್ ಕುರಿತ ನಮ್ಮ ಲೇಖನ ಓದಿ ಸ್ವಲ್ಪ ಸಿಟ್ಟಿನಿಂದಲೇ ಬರೆದಿದ್ದೀರಿ. ಪೈಪ್ ಅಂದರೆ ಪೈಪ್, ಎಣ್ಣೆ ಇಲ್ಲಿಂದ ಅಲ್ಲಿಗೆ ಹೋಗುತ್ತದೆ ಅಷ್ಟೇ, ರಾಜಕೀಯ ಮಾಡುವವರು ಮನುಷ್ಯರು ಎಂಬುದು ನಿಮ್ಮ ತಕರಾರು. ಹಾಗಾದರೆ ಪೈಪ್‌ಲೈನೇ ಬೇಡವಾ ಎಂದೂ ಕೇಳಿದ್ದೀರಿ. ಉತ್ತರ ಕೊಂಚ ಉದ್ದವಾದೀತು, ಬೇಜಾರು ಮಾಡ್ಕೋಬೇಡಿ.

1865ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಪಿಟ್‌ಹೋಲ್‌ನಲ್ಲಿ ಎಣ್ಣೆ ಉಕ್ಕುತ್ತಿತ್ತು. ರೈಲು ಸಿಗುತ್ತಿದ್ದದ್ದು ಸುಮಾರು 8 ಕಿ.ಮೀ. ಆಚೆ. ನಡುವೆ ಕೆಸರು ದಾರಿ. ಪೀಪಾಯಿ ಸಾಗಿಸುವ ಕುದುರೆ ಗಾಡಿಯವರು ಕೇಳಿದಷ್ಟು ಬಾಡಿಗೆ ಕೊಡಲೇಬೇಕಿತ್ತು. ಸ್ಯಾಮ್ಯುಯೆಲ್ ವ್ಯಾನ್ ಸೈಕಲ್ ಎಂಬ ವ್ಯಾಪಾರಿ 2 ಅಂಗುಲದ ಕಬ್ಬಿಣದ ಪೈಪ್ ಹಾಕಿಸಿ, ಉಗಿ ಪಂಪಿನಿಂದ ಎಣ್ಣೆ ನೂಕಿಸಿದ. ಗಾಡಿಯವರಿಗೆ ತಕ್ಷಣ ಅರ್ಥವಾಯಿತು. ಪೈಪನ್ನು ಕಿತ್ತು ಹಾಕಿದರು. ಕೊನೆಗೆ ಬಂದೂಕಿನ ಕಾವಲು ಹಾಕಬೇಕಾಯಿತು. ಬಾಡಿಗೆ ಹೇಳುವ ಅಧಿಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿತ್ತು, ಅಲ್ವಾ? ವಸ್ತುಗಳಿಗೂ ರಾಜಕೀಯ ಇರುತ್ತದೆಯೇ ಎಂದು ಅಮೆರಿಕದ ರಾಜಕೀಯ ಚಿಂತಕ ಲ್ಯಾಂಗ್ಡನ್ ವಿನ್ನರ್ 1980ರಲ್ಲಿ ಕೇಳಿದಾಗ ಅವರ ಕಣ್ಣು ಇಂಥ ಬದಲಾವಣೆಗಳ ಮೇಲೇ ಇತ್ತು.

ಹಾಗಂತ ಎಲ್ಲವನ್ನೂ ಪೈಪೇ ತೀರ್ಮಾನಿಸುತ್ತದೆ ಅನ್ನುವವರ ಜೊತೆಗೂ ನಾನಿಲ್ಲ. ಅಮೆರಿಕದ ಡಕೋಟಾ ಆಕ್ಸೆಸ್ ಎಂಬ ತೈಲ ಪೈಪ್‌ಲೈನಿಗೆ ಮೊದಲು ನಾರ್ತ್ ಡಕೋಟಾ ರಾಜ್ಯದ ಬಿಸ್ಮಾರ್ಕ್ ನಗರದ ಉತ್ತರದ ದಾರಿಯನ್ನೂ ನೋಡಿದ್ದರು. ನಗರದ ಕುಡಿಯುವ ನೀರಿನ ಮೂಲ ಹತ್ತಿರ ಎಂಬುದು ಅದನ್ನು ಬಿಡಲು ಕೊಟ್ಟ ಕಾರಣಗಳಲ್ಲೊಂದು. ಕೊನೆಗೆ ಪೈಪ್ ಹೋದದ್ದು ಸ್ಟ್ಯಾಂಡಿಂಗ್ ರಾಕ್ ಮೂಲನಿವಾಸಿಗಳ ನೆಲದ ಪಕ್ಕದಲ್ಲಿ, ಅವರು ನೀರು ಪಡೆಯುವ ಜಲಾಶಯದ ಅಡಿಯಲ್ಲಿ. 2016ರ ದೊಡ್ಡ ಪ್ರತಿಭಟನೆ ನಿಮಗೆ ನೆನಪಿರಬಹುದು. ಸೋರುವ ಭಯ ಯಾರ ಪಾಲಿಗೆ ಎಂಬುದನ್ನು ಮನುಷ್ಯರೇ ನಿರ್ಧರಿಸಿದರು. ಇಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ.

ಆದರೆ ಒಮ್ಮೆ ಹಾಕಿದ ಪೈಪ್ ಸುಮ್ನೆ ಬಿದ್ದಿರುವುದಿಲ್ಲ. ಅಲಾಸ್ಕಾದ್ದನ್ನೇ ನೋಡಿ. 1977ರಲ್ಲಿ ಶುರುವಾದ ಲೈನ್, ಸುಮಾರು 1,300 ಕಿ.ಮೀ. ಬಿಸಿ ಎಣ್ಣೆಯಿಂದ ಅಡಿಯ ಹಿಮನೆಲ ಕರಗಬಾರದು ಅಂತ ಅರ್ಧಕ್ಕೂ ಜಾಸ್ತಿ ಭಾಗವನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. 1988ರಲ್ಲಿ ದಿನಕ್ಕೆ ಸುಮಾರು 20 ಲಕ್ಷ ಬ್ಯಾರೆಲ್ ಹರಿಯುತ್ತಿತ್ತು. ಈಗ ಹೆಚ್ಚುಕಡಿಮೆ ಅದರ ಕಾಲು ಭಾಗ. ಹರಿವು ಕಡಿಮೆಯಾದಷ್ಟೂ ಎಣ್ಣೆ ನಿಧಾನ, ನಿಧಾನವಾದಷ್ಟೂ ತಣ್ಣಗೆ. ಒಳಗೆ ಮೇಣ ಕಟ್ಟುತ್ತದೆ, ಬೆರೆತ ನೀರು ಹೆಪ್ಪುಗಟ್ಟುವ ಅಪಾಯವಿದೆ. ಮೇಣ ಕೆರೆಯಲು ‘ಪಿಗ್’ ಎಂಬ ಯಂತ್ರವನ್ನು ಒಳಗೆ ಬಿಡುತ್ತಾರೆ, ಎಣ್ಣೆಯನ್ನು ಬಿಸಿ ಮಾಡುತ್ತಾರೆ. ಆಮೇಲೆ ಬರುತ್ತದೆ ಅಸಲಿ ವಾದ: ಪೈಪ್ ಉಳಿಯಬೇಕಾದರೆ ಹೊಸ ಬಾವಿ ಕೊರೆಯಬೇಕು! ಎಣ್ಣೆಗೋಸ್ಕರ ಬಂದ ಪೈಪಿಗೆ ಈಗ ಎಣ್ಣೆ ಒದಗಿಸಬೇಕು. ರಾಜ್ಯದ ಖಜಾನೆಯೂ ಎಣ್ಣೆಯನ್ನೇ ನಂಬಿದೆ. ಎಣ್ಣೆ ಹಣದಿಂದ ಕಟ್ಟಿದ ನಿಧಿಯಿಂದ ನಿವಾಸಿಗಳಿಗೆ ವರ್ಷವರ್ಷ ಪಾಲು ಸಿಗುತ್ತದೆ. ಹೀಗೆ ಹಣ, ಕೆಲಸ, ಕಾನೂನು, ಅಭ್ಯಾಸ ಎಲ್ಲ ಸುತ್ತಿಕೊಂಡು ಬೆಳೆದ ವ್ಯವಸ್ಥೆಗೆ ತನ್ನದೇ ಓಟ ಬಂದುಬಿಡುತ್ತದೆ. ಇತಿಹಾಸಕಾರ ಥಾಮಸ್ ಹ್ಯೂಸ್ ಇದನ್ನು ‘ಮೊಮೆಂಟಮ್’ ಎಂದರು. ನನಗೆ ಇದೇ ಹೆಚ್ಚು ಒಪ್ಪುವ ವಿವರಣೆ. ಎಳೆಯ ವ್ಯವಸ್ಥೆಯನ್ನು ತಿರುಗಿಸಬಹುದು, ಬೆಳೆದದ್ದನ್ನು ಕಷ್ಟ.

ಪೈಪ್‌ಲೈನೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದೇ ಎಣ್ಣೆ ರೈಲಿನಲ್ಲಿ ಹೋದರೆ ಅಪಾಯ ಬೇರೆ ಥರದ್ದು. 2013ರಲ್ಲಿ ಕೆನಡಾದ ಲ್ಯಾಕ್-ಮೆಗಾಂಟಿಕ್‌ನಲ್ಲಿ ಎಣ್ಣೆ ರೈಲು ಹಳಿ ತಪ್ಪಿ 47 ಜನ ಸತ್ತರು. ಅನುಮತಿ ಕೊಡುವಾಗ ಸೋರಿಕೆಯ ಲೆಕ್ಕ ಕೇಳುತ್ತಾರಲ್ಲ, ಅದರ ಜೊತೆಗೆ ಎಣ್ಣೆ ಅರ್ಧಕ್ಕಿಳಿದ ದಿನ ಪೈಪನ್ನು ಏನು ಮಾಡುತ್ತೀರಿ, ತೆಗೆಯುವ ಖರ್ಚು ಯಾರದು ಎಂದೂ ಬರೆಸಿಕೊಳ್ಳಲಿ ಅನ್ನುವುದಷ್ಟೇ ನನ್ನ ಮಾತು.

– ಸಂಪಾದಕ