ಭತ್ತ ಖರೀದಿ ಲೆಕ್ಕದ ಅಡ್ಮಿನ್ ಪುಟಗಳು: ಏನು ಮುಗಿದಿದೆ, ಏನು ಬಾಕಿ ಇದೆ

ಗಂಗಾವತಿಯ ಅಣ್ಣನವರೇ, ನೀವು ಕೇಳಿದ್ದು ಎರಡು ಮಾತು. ಸಿಂಧನೂರಿನಲ್ಲಿ ನಾವು ಭತ್ತ ಖರೀದಿ ಡೇಟಾಬೇಸಿನ ಅಡ್ಮಿನ್ ಪುಟಗಳನ್ನು (ಮಾಹಿತಿ ತುಂಬುವ, ನೋಡುವ ಪುಟಗಳನ್ನು) ಹೊಸದಾಗಿ ಕಟ್ಟುತ್ತಿದ್ದೇವಲ್ಲ, ಆ ಕೆಲಸ ಎಲ್ಲಿಗೆ ಬಂತು ಎಂಬುದು ಒಂದು. ನಿಮ್ಮ ಮಿಲ್ಲಿನ ಗುಮಾಸ್ತರು ಪಿಎಚ್‌ಪಿಮೈಅಡ್ಮಿನ್ (ಬ್ರೌಸರಿನಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್ ನೋಡಿಕೊಳ್ಳುವ ಸಾಧನ) ತೆರೆದು ನೇರವಾಗಿ ನಮೂದು ಮಾಡುತ್ತಿದ್ದಾರೆ, ಅದನ್ನೇ ಮುಂದುವರಿಸಿದರೆ ಸಾಲದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಸುಗ್ಗಿ ಹತ್ತಿರ ಬಂದಿದೆ, ಅದು ತಡಮಾಡುವ ವಿಷಯವಲ್ಲ.

ಸಾಲದು. ಪಿಎಚ್‌ಪಿಮೈಅಡ್ಮಿನ್ 1998ರಿಂದ ಬಳಕೆಯಲ್ಲಿದೆ, ಒಳ್ಳೆಯ ಸಾಧನ, ನಾನೂ ಬಳಸುತ್ತೇನೆ. ಆದರೆ ಅದು ಡೇಟಾಬೇಸ್ ನೋಡಿಕೊಳ್ಳುವವರ ಕೈಗೆ ಮಾಡಿದ್ದು, ಲಾರಿ ಇಳಿಸಿಕೊಳ್ಳುವವರ ಕೈಗಲ್ಲ. ಕೋಷ್ಟಕಗಳ ಪಟ್ಟಿ ತೆರೆದು ನೋಡಿ: ‘ಬ್ರೌಸ್’, ‘ಇನ್ಸರ್ಟ್’ ಇರುವ ಸಾಲಿನಲ್ಲಿಯೇ ಕೋಷ್ಟಕವನ್ನು ಬರಿದು ಮಾಡುವ ‘ಎಂಪ್ಟಿ’, ಕೋಷ್ಟಕವನ್ನೇ ತೆಗೆದುಹಾಕುವ ‘ಡ್ರಾಪ್’ ಕೂಡ ಇವೆ. ಖಚಿತವೇ ಎಂದು ಅದು ಕೇಳುತ್ತದೆ, ನಿಜ. ಹೊರಗೆ ಲಾರಿಗಳು ಸಾಲುಗಟ್ಟಿ ನಿಂತ ರಾತ್ರಿ ಯಾವ ಗುಮಾಸ್ತರೂ ಆ ಪ್ರಶ್ನೆಯನ್ನು ಓದುತ್ತಾ ಕೂರುವುದಿಲ್ಲ. ಪಿಜಿಅಡ್ಮಿನ್ 4, ಅಡ್ಮಿನರ್ ಎಂಬ ಇಂಥವೇ ಸಾಧನಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಡ್ಮಿನರ್ ಅಂತೂ ಒಂದೇ ಒಂದು ಪಿಎಚ್‌ಪಿ ಕಡತ. ಅದನ್ನು ಸರ್ವರಿಗೆ ಹಾಕಿ, ಕೆಲಸ ಮುಗಿದ ಮೇಲೆ ತೆಗೆಯದೆ ಬಿಟ್ಟುಬಿಡುವುದು ಬಹಳ ಸುಲಭ.

ನಾವು ಜ್ಯಾಂಗೋ (ಪೈಥಾನ್ ಭಾಷೆಯಲ್ಲಿ ವೆಬ್ ಪುಟ ಕಟ್ಟುವ ಚೌಕಟ್ಟು) ಮತ್ತು ಪೋಸ್ಟ್‌ಗ್ರೆಸ್ (ಡೇಟಾಬೇಸ್ ತಂತ್ರಾಂಶ) ಹಿಡಿದೆವು. ಜ್ಯಾಂಗೋ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯೊಂದರಲ್ಲಿ, ಹೊರಗೆ ಬಿಡುಗಡೆಯಾದದ್ದು 2005ರಲ್ಲಿ. ಪ್ರೋಗ್ರಾಂ ಬರೆಯಲು ಬಾರದವರೂ ಮಾಹಿತಿ ತುಂಬಬೇಕು ಎಂಬ ಅಗತ್ಯ ಅದರ ಅಡ್ಮಿನ್ ಭಾಗದಲ್ಲಿ ಮೊದಲಿನಿಂದಲೂ ಇದೆ. ಆದರೂ ಅದು ತಾನಾಗಿ ಕೊಡುವ ಪುಟಗಳು ಕೋಷ್ಟಕಕ್ಕೆ ಒಂದರಂತೆ ಇರುತ್ತವೆ. ರೈತರು ಒಂದೆಡೆ, ತೂಕ ಒಂದೆಡೆ, ದರ ಇನ್ನೊಂದೆಡೆ, ಪಾವತಿ ಮತ್ತೊಂದೆಡೆ. ಲಾರಿ ಬಂದರೆ ಅದು ಒಂದೇ ಕೆಲಸ, ಗುಮಾಸ್ತರು ಮಾತ್ರ ನಾಲ್ಕಾರು ಪುಟ ತಿರುವಬೇಕು. ನಮ್ಮ ಬದಲಾವಣೆಯ ತಿರುಳು ಇಷ್ಟೇ: ಪುಟಗಳನ್ನು ಕೋಷ್ಟಕದ ಪ್ರಕಾರ ಅಲ್ಲ, ಕೆಲಸದ ಪ್ರಕಾರ ಕಟ್ಟುವುದು.

ಮುಗಿದಿರುವುದು ಲಾಟ್ ಪುಟ, ಅಂದರೆ ಒಂದು ಸಲ ಬಂದ ಭತ್ತದ ದಾಖಲೆ. ಮೇಲೆ ರೈತರ ಹೆಸರು, ಊರು, ಮೊಬೈಲಿನ ಕೊನೆಯ ನಾಲ್ಕು ಅಂಕಿ. ಅದರ ಕೆಳಗೆ ವೇಬ್ರಿಡ್ಜಿನ ಎರಡು ತೂಕಗಳು. ತುಂಬಿದ ಲಾರಿ 15,420 ಕೆ.ಜಿ., ಖಾಲಿ ಲಾರಿ 6,180 ಕೆ.ಜಿ. ಎಂದು ಹಾಕಿದರೆ ನಿವ್ವಳ 9,240 ಕೆ.ಜಿ., ಅಂದರೆ 92.40 ಕ್ವಿಂಟಲ್, ಅಂದರೆ 123.2 ಚೀಲ ಎಂದು ಪುಟವೇ ತೋರಿಸುತ್ತದೆ. ಆಮೇಲೆ ತಳಿ, ತೇವಾಂಶ, ದರ. ದರದ ಜಾಗದಲ್ಲಿ ನಾವು ಹೆಚ್ಚು ಹೊತ್ತು ಕುಳಿತೆವು. ನಮ್ಮ ಕಡೆ ಮಾತು ಆಡುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ, ಸರ್ಕಾರದ ಬೆಂಬಲ ಬೆಲೆ ಇರುವುದು ಕ್ವಿಂಟಲ್ ಲೆಕ್ಕದಲ್ಲಿ. ಹಳೆಯ ಪುಟದಲ್ಲಿ ಬರೀ ‘ದರ’ ಎಂದಿತ್ತು, ಯಾರು ಯಾವುದನ್ನು ತುಂಬಿದರೂ ಡೇಟಾಬೇಸ್ ನುಂಗಿಕೊಳ್ಳುತ್ತಿತ್ತು. ಈಗ ‘75 ಕೆ.ಜಿ. ಚೀಲಕ್ಕೆ’ ಎಂದು ಬರೆದಿದೆ, ಮತ್ತು 1,800 ಎಂದು ಒತ್ತಿದ ಕೂಡಲೇ ಕೆಳಗೆ ‘ಕ್ವಿಂಟಲಿಗೆ 2,400’ ಎಂದು ಮೂಡುತ್ತದೆ. ಆ ದಿನದ ದರದಿಂದ ತೀರಾ ದೂರದ ಅಂಕಿ ಹಾಕಿದರೆ ಪುಟ ಮುಂದಕ್ಕೆ ಬಿಡದೆ ಮತ್ತೊಮ್ಮೆ ಕೇಳುತ್ತದೆ. ಕೋಷ್ಟಕದ ಒಳಗೆ ತೂಕ ಕೆ.ಜಿ.ಯಲ್ಲಿ, ಹಣ ಪೈಸೆಯಲ್ಲಿ, ಎರಡೂ ಪೂರ್ಣಾಂಕ. ಹಣವನ್ನು ಫ್ಲೋಟ್ ಆಗಿ (ದಶಮಾಂಶವನ್ನು ಅಂದಾಜಾಗಿ ಹಿಡಿಯುವ ಬಗೆಯಲ್ಲಿ) ಇಡಬೇಡಿ. ಆರು ತಿಂಗಳು ಬೆವರು ಸುರಿಸಿದವರ ಪಟ್ಟಿಯಲ್ಲಿ (ರೈತರಿಗೆ ಕೊಡುವ ಲೆಕ್ಕದ ಚೀಟಿಯಲ್ಲಿ) ಒಂದು ರೂಪಾಯಿಯೂ ಆಚೀಚೆ ಆಗಬಾರದು.

ಹುಡುಕಾಟವೂ ಮುಗಿದಿದೆ. ಕನ್ನಡದಲ್ಲಿ ಕೆಲಸ ಮಾಡುವವರೆಲ್ಲ ಇದನ್ನು ಗಮನಿಸಬೇಕು. ‘ಮಲ್ಲೇಶ’ ಎಂದು ಹುಡುಕಿದರೆ ಕಣ್ಣೆದುರಿಗೇ ಇರುವ ಮಲ್ಲೇಶ ಸಿಗದಿರಬಹುದು. ಕಾರಣ, ‘ಲ್ಲೇ’ಯ ಏತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘದ ಚಿಹ್ನೆ ಎಂದು ಎರಡಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ, ಪೋಸ್ಟ್‌ಗ್ರೆಸ್ ಪಾಲಿಗೆ ಎರಡೂ ಬೇರೆ ಬೇರೆ ಮನುಷ್ಯರು. ಹಳೆಯ ‘ನುಡಿ’ ತಂತ್ರಾಂಶದ ಕಡತಗಳಿಂದ ಪರಿವರ್ತಿಸಿದ ನಮ್ಮ ಹೆಸರುಗಳಲ್ಲಿ ಹೀಗೆ ಎರಡು ತುಂಡಾಗಿ ಉಳಿದವು ಬೇಕಾದಷ್ಟಿದ್ದವು. ಪರಿಹಾರ ಕಷ್ಟವಿಲ್ಲ: ಉಳಿಸುವ ಮೊದಲು ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಯೂನಿಕೋಡ್ ರೂಪಕ್ಕೆ) ತನ್ನಿ. ಪೈಥಾನಿನಲ್ಲಿ ಅದಕ್ಕೆ ಯೂನಿಕೋಡ್‌ಡೇಟಾ ಮಾಡ್ಯೂಲ್ ಇದೆ, ಪೋಸ್ಟ್‌ಗ್ರೆಸ್ 13ರಿಂದ ಡೇಟಾಬೇಸಿನಲ್ಲಿಯೇ ನಾರ್ಮಲೈಜ್ ಎಂಬ ಕಾರ್ಯವಿದೆ. ಇದರ ಜೊತೆಗೆ ಅಕ್ಷರಗಳ ನಡುವೆ ಕಾಣದೆ ಕೂರುವ ಜೋಡಕ, ಬೇರ್ಪಡಕ ಚಿಹ್ನೆಗಳನ್ನು ತೆಗೆದು, ಹುಡುಕಲೆಂದೇ ಒಂದು ಪ್ರತ್ಯೇಕ ಕಾಲಂ ಇಡಿ. ಮೂಲ ಹೆಸರಿನಿಂದ ಮಾತ್ರ ಅವುಗಳನ್ನು ತೆಗೆಯಬೇಡಿ, ಕೆಲವು ಒತ್ತಕ್ಷರಗಳು ಸರಿಯಾಗಿ ಕಾಣಲು ಅವು ಬೇಕು.

ಊರಿನ ಹೆಸರನ್ನು ಬೆರಳಚ್ಚು ಮಾಡಲು ಬಿಡಲೇಬೇಡಿ. ಕಾಲುವೆ ಸೀಮೆಯಲ್ಲಿ ಹೆಸರಿನ ಕೊನೆಗೆ ಕ್ಯಾಂಪ್ ಎಂದಿರುವ ಊರುಗಳು ಎಷ್ಟಿವೆ ಎಂಬುದು ನಿಮಗೇ ಗೊತ್ತು. ಕ್ಯಾಂಪ್, ಕ್ಯಾಂಪು, ಕ್ಯಾಂಪ ಎಂದು ಒಂದೇ ಊರು ಮೂರು ಊರಾಗುತ್ತದೆ. ಎರಡು ಅಕ್ಷರ ಒತ್ತಿದರೆ ಪಟ್ಟಿ ಇಳಿಯುವಂತೆ ಮಾಡಿದ್ದೇವೆ, ಜ್ಯಾಂಗೋದಲ್ಲಿ ಇದಕ್ಕೆ ಸಿದ್ಧ ವ್ಯವಸ್ಥೆಯೇ ಇದೆ. ಊರಿಗೆ ಬದಲಾಗದ ಸಂಖ್ಯೆ ಕೊಟ್ಟು, ತಾಲ್ಲೂಕು ಮತ್ತು ಜಿಲ್ಲೆಯನ್ನು ದಿನಾಂಕದೊಂದಿಗೆ ಬೇರೆ ಇಡಿ. ನಿಮ್ಮ ತಾಲ್ಲೂಕಿನಿಂದಲೇ ಕಾರಟಗಿ, ಕನಕಗಿರಿ ಬೇರ್ಪಟ್ಟವು. ಹೊಸಪೇಟೆ 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ವಿಜಯನಗರಕ್ಕೆ ಹೋಯಿತು. ಹಳೆಯ ಪಟ್ಟಿಗಳಲ್ಲಿ ಹಳೆಯ ಜಿಲ್ಲೆಯೇ ಇರಬೇಕಲ್ಲ.

ವೇಗದ ವಿಷಯ ಚಿಕ್ಕದು. ಪಟ್ಟಿಯ ಪುಟ ತೆರೆದಾಗಲೆಲ್ಲ ಒಟ್ಟು ದಾಖಲೆ ಎಷ್ಟು ಎಂದು ಎಣಿಸುವುದನ್ನು ತೆಗೆದೆವು, ಪೋಸ್ಟ್‌ಗ್ರೆಸ್‌ನಲ್ಲಿ ಆ ಎಣಿಕೆ ದುಬಾರಿ. ತೆರೆದ ಕೂಡಲೇ ಇಂದಿನ ಲಾಟ್‌ಗಳು ಮಾತ್ರ ಬರುತ್ತವೆ. ಬೇಕಾದವರು ದಿನಾಂಕ ಬದಲಿಸಿಕೊಳ್ಳುತ್ತಾರೆ.

ಅಳಿಸುವ ಗುಂಡಿ ಎಲ್ಲಿಯೂ ಇಲ್ಲ. ‘ರದ್ದು’ ಇದೆ, ಕಾರಣ ಬರೆಯದೆ ಅದು ಆಗುವುದಿಲ್ಲ, ರದ್ದಾದ ಲಾಟ್ ಅಡ್ಡಗೆರೆಯೊಂದಿಗೆ ಪಟ್ಟಿಯಲ್ಲಿಯೇ ಉಳಿಯುತ್ತದೆ. ಗುಂಡಿಯನ್ನು ಮರೆಮಾಡಿದರೆ ಮಾತ್ರ ಸಾಲದು, ಪುಟಗಳು ಬಳಸುವ ಡೇಟಾಬೇಸ್ ಖಾತೆಗೇ ಅಳಿಸುವ ಹಕ್ಕು ಕೊಟ್ಟಿಲ್ಲ. ಪಟ್ಟಿ ಮುದ್ರಿಸಿ ರೈತರ ಕೈಗೆ ಕೊಟ್ಟ ಮೇಲೆ ತೂಕ ಮತ್ತು ದರಕ್ಕೆ ಬೀಗ ಬೀಳುತ್ತದೆ, ತಿದ್ದುಪಡಿ ಬೇಕಾದರೆ ಹೊಸ ನಮೂದಾಗಿಯೇ ಬರಬೇಕು. ಜ್ಯಾಂಗೋದ ಇತಿಹಾಸ ಪುಟ ಯಾರು ಯಾವ ಕಾಲಂ ಮುಟ್ಟಿದರು ಎಂದು ಹೇಳುತ್ತದೆಯೇ ಹೊರತು ಮೊದಲು ಯಾವ ಅಂಕಿ ಇತ್ತು ಎಂದು ಹೇಳುವುದಿಲ್ಲ. ಆದ್ದರಿಂದ ಹಳೆಯ ಸಾಲನ್ನು ಇದ್ದ ಹಾಗೆಯೇ ಬೇರೆ ಕೋಷ್ಟಕಕ್ಕೆ ಬರೆಯುವ ಟ್ರಿಗರ್ (ಡೇಟಾಬೇಸಿನಲ್ಲಿ ತಾನಾಗಿ ನಡೆಯುವ ಆದೇಶ) ಹಾಕಿದ್ದೇವೆ. ರೈತರು ಬಂದು ‘ಅವತ್ತು ನೀವು ಹೇಳಿದ್ದು ಬೇರೆ ದರ’ ಎಂದರೆ ತೆರೆದು ತೋರಿಸುವಂತಿರಬೇಕು. ಇಷ್ಟಿಲ್ಲದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವುದಕ್ಕಿಂತ ಪುಸ್ತಕದಲ್ಲಿ ಬರೆದಿಡುವುದೇ ಮೇಲು ಎಂದು ನನ್ನ ದೃಢ ಅಭಿಪ್ರಾಯ.

ಬಾಕಿ ಇರುವುದು ಪಾವತಿ ಪುಟ, ಹಮಾಲಿ ಲೆಕ್ಕ, ಮೊಬೈಲ್ ತೆರೆಗೆ ಹೊಂದಿಸುವುದು. ವೇಬ್ರಿಡ್ಜಿನ ಯಂತ್ರದಿಂದ ಸೀರಿಯಲ್ ಕೇಬಲ್ ಮೂಲಕ ತೂಕವನ್ನು ನೇರವಾಗಿ ಓದುವ ಕೆಲಸ ಅರ್ಧಕ್ಕೆ ಬಂದಿದೆ. ಲಾರಿ ಅಲುಗಾಡುವಾಗ ಅಂಕಿ ನಿಲ್ಲುವುದಿಲ್ಲವಾದ್ದರಿಂದ, ಓದಿದ ತೂಕ ಕರಡಾಗಿ ಮಾತ್ರ ಬರುತ್ತದೆ, ಗುಮಾಸ್ತರು ಒಪ್ಪಿದ ಮೇಲೆಯೇ ಲಾಟಿಗೆ ಸೇರುತ್ತದೆ.

ಇನ್ನು ನೀವು ಹೊಸ ಪುಟಗಳಿಗೆ ಕಾಯದೆ ಈ ವಾರವೇ ಮಾಡಬೇಕಾದದ್ದು. ಗುಮಾಸ್ತರು ಎಲ್ಲ ಹಕ್ಕೂ ಇರುವ ರೂಟ್ ಖಾತೆಯಿಂದ ಒಳಹೋಗುವುದನ್ನು ನಿಲ್ಲಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ಅವರಿಗೆ ಬೇರೆ ಖಾತೆ ತೆರೆದು ನೋಡುವ, ಸೇರಿಸುವ, ತಿದ್ದುವ ಹಕ್ಕು ಮಾತ್ರ ಕೊಡಿ. ಕೋಷ್ಟಕವನ್ನು ಬರಿದು ಮಾಡುವ ಆದೇಶಕ್ಕೆ ಮೈಎಸ್‌ಕ್ಯೂಎಲ್ ಡ್ರಾಪ್ ಹಕ್ಕನ್ನೇ ಕೇಳುತ್ತದೆ. ಅದು ಇಲ್ಲದಿದ್ದರೆ ‘ಎಂಪ್ಟಿ’ ಒತ್ತಿದರೂ ಏನೂ ಆಗದು. ಪಿಎಚ್‌ಪಿಮೈಅಡ್ಮಿನ್ ವಿಳಾಸ ಹೊರಗಿನ ಇಂಟರ್ನೆಟ್ಟಿಗೆ ತೆರೆದಿದ್ದರೆ ಇವತ್ತೇ ಮುಚ್ಚಿ, ಆ ವಿಳಾಸವನ್ನು ಹುಡುಕಿಕೊಂಡು ತಿರುಗುವ ಬಾಟ್‌ಗಳು ಬೇಕಾದಷ್ಟಿವೆ. ಪ್ರತಿ ರಾತ್ರಿ ಮೈಎಸ್‌ಕ್ಯೂಎಲ್‌ಡಂಪ್ (ಡೇಟಾಬೇಸಿನ ನಕಲು) ತೆಗೆಯಿರಿ, ಇನ್ನೋಡಿಬಿ ಬಗೆಯ ಕೋಷ್ಟಕಗಳಾದರೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆಯೊಂದಿಗೆ. ತೆಗೆದದ್ದನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ತೆರೆಯುತ್ತದೆಯೇ ಎಂದು ನೋಡಿ.

ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿವೆ ಎಂದಿರಿ. ಮೈಎಸ್‌ಕ್ಯೂಎಲ್ 8ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ತಾನಾಗಿ ಬರುತ್ತಿದ್ದ ಅಕ್ಷರ ಸಂಕೇತ ಲ್ಯಾಟಿನ್1, ಅದರಲ್ಲಿ ಕನ್ನಡ ಕೂರುವುದಿಲ್ಲ. ಹಾಗೆ ಪ್ರಶ್ನಾರ್ಥಕವಾಗಿಯೇ ಉಳಿದುಹೋದ ಹೆಸರು ಮತ್ತೆ ಬಾರದು, ಪುಸ್ತಕ ನೋಡಿ ತುಂಬಿಸಬೇಕು. ಮುಂದಿನ ನಮೂದುಗಳಿಗಾಗಿ ಕೋಷ್ಟಕಗಳನ್ನೂ ಸಂಪರ್ಕವನ್ನೂ ಕನ್ನಡ ಕೂರುವ ಯುಟಿಎಫ್8ಎಂಬಿ4 ಸಂಕೇತಕ್ಕೆ ಬದಲಿಸಿ, ಬದಲಿಸುವ ಮೊದಲು ಬ್ಯಾಕಪ್ ಇಟ್ಟುಕೊಳ್ಳಿ.

ನಮ್ಮ ಲಾಟ್ ಪುಟವನ್ನು ನಿಮಗೆ ಕೊಡಲು ಸಂತೋಷವೇ. ಅದಕ್ಕೆ ಮುನ್ನ ನಿಮ್ಮ ಮಿಲ್ಲಿನ ಒಂದು ತೂಕದ ಚೀಟಿ ಮತ್ತು ಒಂದು ಪಟ್ಟಿಯ ಚಿತ್ರವನ್ನು, ರೈತರ ಹೆಸರು ಮತ್ತು ಮೊಬೈಲ್ ಸಂಖ್ಯೆ ಮುಚ್ಚಿ, ಇಲ್ಲಿ ಹಾಕಿ. ತೇವಾಂಶದ ಕಡಿತವನ್ನು ನೀವು ತೂಕದಲ್ಲಿ ಹಿಡಿಯುತ್ತೀರೋ ದರದಲ್ಲಿ ಹಿಡಿಯುತ್ತೀರೋ ಎಂಬುದನ್ನೂ ತಿಳಿಸಿ. ನಮ್ಮದು ದರದಲ್ಲಿ ಹಿಡಿಯುತ್ತದೆ. ನಿಮ್ಮದು ತೂಕದಲ್ಲಾದರೆ ನಿವ್ವಳದ ಕೆಳಗೆ ಇನ್ನೊಂದು ಸಾಲು ಸೇರಿಸಬೇಕಾಗುತ್ತದೆ.